ದೇಶದೇಶದ ಪಟ್ಟಿಯಲ್ಲಿ ಅವಳ ಅಂಕ

ಆ ದಿನ ಬಾದಾಮಿ ಕಡೆಯ ಒಂದು ಹೊಲದಲ್ಲಿ, ಬೇವಿನ ಮರದ ಕೆಳಗೆ, ನಾನು ಹದಿನಾಲ್ಕು ಕುರಿಮರಿ ಕಾಯುತ್ತ ಕೂತಿದ್ದೆ. ಕುರಿ ಕೊಳ್ಳುವುದು, ಮಾರುವುದು ನನ್ನ ಕಸಬು, ಕಾಯುವುದಲ್ಲ. ದೂರದಲ್ಲಿ ಕೆಂಪು ಗುಡ್ಡಗಳು ಬಿಸಿಲಿಗೆ ಅಡಿ ಕಳಚಿಕೊಂಡು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿದ್ದವು. ಅದೇ ಹೊತ್ತಿಗೆ ಅಮೀನಗಡದ ನಮ್ಮ ಹೈಸ್ಕೂಲಿನಲ್ಲಿ ಈ ಮರಿಗಳನ್ನು ಕಾಯಬೇಕಾಗಿದ್ದ ಹುಡುಗಿ ಪರೀಕ್ಷೆಗೆ ಕೂತಿದ್ದಳು. ಸಾದಾ ಪರೀಕ್ಷೆಯಲ್ಲ, ಹೊರದೇಶದ ಮಕ್ಕಳಿಗೂ ಅದನ್ನೇ ಕೊಡುತ್ತಾರಂತೆ. ಯಾವುದೋ ಹಿಮದ ಊರಿನಲ್ಲಿ ಉಣ್ಣೆಯ ಅಂಗಿ ತೊಟ್ಟ ಹುಡುಗ, ಯಾವುದೋ ಸಮುದ್ರದ ದಂಡೆಯ ಹುಡುಗಿ, ಮತ್ತೆ ನಮ್ಮಾಕಿ, ಮೂವರ ಮುಂದೂ ಒಂದೇ ಲೆಕ್ಕ. ಆ ಉಣ್ಣೆ ಯಾವ ಕುರಿಯದೋ ಅಂತ ಯೋಚಿಸುತ್ತ ನನಗೆ ಜೋಂಪು ಹತ್ತಿತು.

ನಾನು ಅಲ್ಲಿಗೆ ಹೇಗೆ ಬಂದೆ ಅಂತ ಮೊದಲು ಹೇಳಬೇಕು.

ಸಣ್ಣವನಿದ್ದಾಗ ನಾನು ಅಮೀನಗಡದ ಸಂತೆಯಲ್ಲಿ ಬೇರೆಯವರ ಕುರಿಗೆ ನೀರು ಕುಡಿಸುತ್ತಿದ್ದೆ. ಈಗ ಅದೇ ಸಂತೆಯಲ್ಲಿ ನಾನು ಕೈ ಹಿಡಿದರೆ ದರ ನಿಂತಿತು ಅನ್ನುತ್ತಾರೆ. ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಕೂಡಿಸಿ ಮೇಲೊಂದು ಟವೆಲ್ಲೋ ಕಂಬಳಿಯೋ ಎಳೆದುಕೊಳ್ಳುತ್ತೇವೆ. ಮೇಲೆ ಬಾಯಿ ಮಳೆಯ ಸುದ್ದಿ, ಬೀಗರ ಸುದ್ದಿ ಆಡುತ್ತಿರುತ್ತದೆ. ಒಳಗೆ ಬೆರಳು ದರ ಆಡುತ್ತಿರುತ್ತದೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆದರೆ ಒಳಗೆ ಒಪ್ಪಿದ ಮಾತು ಹೊರಗೆ ಬಂದ ಮೇಲೆ ಬದಲಾಗುವುದಿಲ್ಲ. ಬದಲಾಯಿಸಿದವನ ಕೈಯನ್ನು ಆಮೇಲೆ ಯಾರೂ ಹಿಡಿಯುವುದಿಲ್ಲ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ನಾನು ಕೊಡುವ ಮೊದಲ ಬುದ್ಧಿವಾದವೇ ಇದು: ಕಣ್ಣು ಎದುರಿನವನ ಮುಖದ ಮೇಲೆ ಇಡಬೇಡಿ, ಅವನ ಬೆರಳಿನ ಬೆವರಿನ ಮೇಲೆ ಇಡಿ.

ಹೈಸ್ಕೂಲಿನ ಸಮಿತಿಯಲ್ಲಿ ನಾನೂ ಒಬ್ಬ ಮೆಂಬರ್. ಮಗಳು ಅಲ್ಲಿ ಕಲಿತು ಹೋದ ಮೇಲೂ ನನ್ನನ್ನು ಬಿಟ್ಟಿಲ್ಲ. ಬೆಂಚು, ಸುಣ್ಣ, ನೀರಿನ ಟಾಕಿ ಅಂತ ಏನೇ ತರಬೇಕಾದರೂ ಚೌಕಾಸಿಗೆ ಒಬ್ಬ ಬೇಕಲ್ಲ. ಹೋದ ವರ್ಷ ದಸರೆಗೆ ಮುಂಚೆ ಬಾಗಲಕೋಟೆಯಿಂದ ಒಬ್ಬ ಅಧಿಕಾರಿ ಮೇಡಂ ಬಂದರು. ಹದಿನೈದು ವರ್ಷದ ಮಕ್ಕಳು ಕಲಿತದ್ದನ್ನು ಬದುಕಿನಲ್ಲಿ ಹೇಗೆ ಬಳಸುತ್ತಾರೆ ಅಂತ ದೇಶದೇಶಗಳು ಕೂಡಿ ಹೋಲಿಸಿ ನೋಡುತ್ತವೆ, ಅಂಥ ಪ್ರಶ್ನೆಗಳು ಕನ್ನಡದಲ್ಲಿ ಸರಿಯಾಗಿ ಕೂರುತ್ತವೋ ಇಲ್ಲವೋ ಅಂತ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗದ ಪರೀಕ್ಷೆ ಮಾಡುತ್ತಿದ್ದೇವೆ ಅಂದರು. ಹೆಡ್‌ಮಾಸ್ತರರ ಕಂಪ್ಯೂಟರಿನಲ್ಲಿ ಸರಕಾರದ ಒಂದು ಪುಟ ತೆಗೆದು ತೋರಿಸಿದರು. ಮಾದರಿ ಪ್ರಶ್ನೆಗಳು, ಶಿಕ್ಷಕರಿಗೆ ಪುಸ್ತಿಕೆಗಳು, ಕೆಳಗೆ ದೇಶಗಳ ಉದ್ದನೆಯ ಪಟ್ಟಿ. ಕೆಲವು ಹೆಸರು ನಾನು ಕೇಳಿದವೇ ಅಲ್ಲ. ಒಂದೊಂದರ ಮುಂದೆ ಒಂದೊಂದು ಬಣ್ಣದ ಗೆರೆ ಎಳೆದಿತ್ತು, ಕೆಲವು ಉದ್ದ, ಕೆಲವು ಗಿಡ್ಡ. ಇಳಕಲ್ಲಿನ ಅಂಗಡಿಯಲ್ಲಿ ಸೀರೆಗಳನ್ನು ಮಡಿಕೆ ಮಡಿಕೆಯಾಗಿ ಒಂದರ ಮೇಲೊಂದು ಇಟ್ಟಾಗ ದಡಿಗಳು ಕಾಣುತ್ತವಲ್ಲ, ಹಾಗೆ ಕಂಡಿತು ನನಗೆ. ಜಗತ್ತಿನ ಮಕ್ಕಳೆಲ್ಲ ಆ ಗೆರೆಗಳೊಳಗೆ ಮಡಿಚಿ ಕೂತಿದ್ದರು.

ಆಮೇಲೆ ಮೇಡಂ ನಮ್ಮ ಶಾಲೆಯ ಹೆಸರುಗಳನ್ನು ಓದಿದರು. ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಎತ್ತಿದ ಹೆಸರುಗಳು. ಅದರಲ್ಲಿ ಒಂದು ಹೆಸರು ಕೇಳಿ ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಹುಡುಗಿ ಗುಡೂರು ಹತ್ತಿರದ ಹಟ್ಟಿಯವಳು, ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಅಜ್ಜಿಯ ಜೊತೆ ಇದ್ದು ಶಾಲೆಗೆ ಬರುತ್ತಿದ್ದಳು, ಹತ್ತನೇ ತರಗತಿ. ಕುರಿ ಮರಿ ಹಾಕುವ ಕಾಲ ಬಂತು ಅಂತ ಅಪ್ಪ ಬಂದು ಹಿಂಡಿನ ಜೊತೆ ಕರೆದುಕೊಂಡು ಹೋಗಿ ಮೂರು ವಾರವಾಗಿತ್ತು. ಹೀಗೇ ಆದರೆ ಹಾಜರಿ ಸಾಲದೆ ಹತ್ತನೇ ಪರೀಕ್ಷೆಗೇ ಕೂರಿಸಲು ಬರುವುದಿಲ್ಲ, ಚುರುಕು ಹುಡುಗಿ, ಈಗ ಹೋದವಳು ಮತ್ತೆ ಬರುತ್ತಾಳೋ ಇಲ್ಲವೋ ಅಂತ ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು.

ನಾನು ನನ್ನ ವರಸೆ ತೆಗೆದೆ. ಆಕೆಯ ಬದಲು ಕ್ಲಾಸಿನ ಮೊದಲ ನಂಬರಿನ ಹುಡುಗಿಯನ್ನು ಕೂರಿಸೋಣ, ಊರಿನ ಮಾನ, ಜಿಲ್ಲೆಯ ಮಾನ, ಕಡೆಗೆ ದೇಶದ ಮಾನ ಅಂತ ಒಂದೊಂದೇ ಮೆಟ್ಟಿಲು ಏರಿದೆ. ಮೇಡಂ ಚಹಾ ಮುಗಿಯುವ ತನಕ ಕೇಳಿಸಿಕೊಂಡರು. ನಾನು ಏನು ವ್ಯಾಪಾರ ಮಾಡುತ್ತೇನೆ ಅಂತ ಕೇಳಿ ತಿಳಿದುಕೊಂಡರು.

"ನೀವು ಹಿಂಡು ಕೊಳ್ಳುವಾಗ, ಮಾರುವವನು ಮುಂದೆ ತಂದು ನಿಲ್ಲಿಸಿದ ಕುರಿ ನೋಡಿ ದರ ಕಟ್ಟುತ್ತೀರಾ?" ಅಂದರು.

ನಾನು ಎಂದೂ ಮುಂದಿನ ಕುರಿ ನೋಡುವುದಿಲ್ಲ. ಹಿಂಡಿನ ನಡುವೆ ನುಗ್ಗಿ, ಕಣ್ಣು ಮುಚ್ಚಿ, ಕೈಗೆ ಸಿಕ್ಕ ನಾಲ್ಕು ಕುರಿಯ ಬೆನ್ನೆಲುಬು ಮುಟ್ಟಿ ನೋಡುತ್ತೇನೆ. ಬೆನ್ನು ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷದ ನನ್ನ ಗುಟ್ಟನ್ನು ಒಂದು ಚಹಾದ ಹೊತ್ತಿನಲ್ಲಿ ಮೇಡಂ ತೆಗೆದು ನನ್ನ ಮುಂದೆಯೇ ಇಟ್ಟಿದ್ದರು. ಕಂಪ್ಯೂಟರು ಕಣ್ಣು ಮುಚ್ಚಿ ಮುಟ್ಟಿದ ಕುರಿ ಆ ಹುಡುಗಿ. ಬದಲಿ ಇಲ್ಲ.

ಮರುದಿನ ಗಾಡಿ ಹತ್ತಿದೆ. ಹಿಂಡು ಬಾದಾಮಿ ಕಡೆ, ರಾಶಿ ಮುಗಿದ ಹೊಲದಲ್ಲಿ ಹಿಕ್ಕೆಯ ಗೊಬ್ಬರಕ್ಕೆಂದು ತಂಗಿತ್ತು. ಹುಡುಗಿಯ ಅಪ್ಪ ನನಗೆ ಹಳೆಯ ಪರಿಚಯ, ಸಂತೆಯಲ್ಲಿ ಎಷ್ಟೋ ಸಲ ಕೈ ಹಿಡಿದವನು. ವಯಸ್ಸಿನಲ್ಲಿ ನನಗಿಂತ ಸಣ್ಣವನು, ಚೌಕಾಸಿಯಲ್ಲಿ ಅಲ್ಲ. ನನ್ನನ್ನು "ಸಾವ್ಕಾರ್ರ" ಅನ್ನುತ್ತಾನೆ. ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಅಂತ ನನಗೆ ಇವತ್ತಿಗೂ ಬಿಡಿಸಲು ಆಗಿಲ್ಲ.

"ಯಾಕ್ರಿ ಸಾವ್ಕಾರ್ರ, ಸಂತಿ ನಿಂತತೇನ? ಹೊಲಾ ಹುಡುಕ್ಕೊಂಡು ಬಂದೀರಿ."

ನಾನು ವಿಷಯ ಹೇಳಿದೆ. ಹುಡುಗಿ ಪಕ್ಕದಲ್ಲೇ ಒಂದು ಎಳೆಯ ಮರಿಯನ್ನು ತಾಯಿಯ ಕೆಚ್ಚಲಿಗೆ ಹಿಡಿದು ನಿಂತಿದ್ದಳು. ಪರೀಕ್ಷೆ ಅಂದ ಕೂಡಲೆ ಮರಿಯ ತಲೆಯ ಮೇಲೆ ಅವಳ ಕೈ ನಿಂತಿತು, ತಲೆ ಎತ್ತಲಿಲ್ಲ. ಅಪ್ಪ ನಕ್ಕ. ಹೊರದೇಶದವರಿಗೆ ನನ್ನ ಮಗಳು ಯಾಕೆ ಬೇಕಾದಳು ಅಂದ. ನಾನು ಬಾದಾಮಿಯಲ್ಲಿ ಬಸ್ಸಿಳಿಯುವ ಬಿಳಿ ಚರ್ಮದ ಪ್ರವಾಸಿಗಳ ಉದಾಹರಣೆ ಕೊಟ್ಟೆ: ಅಷ್ಟು ದೂರದಿಂದ ಬಂದು ಕಲ್ಲನ್ನೇ ಅಷ್ಟೊತ್ತು ನೋಡುವವರು ಮಕ್ಕಳನ್ನು ನೋಡುವುದಿಲ್ಲವೇ ಅಂತ. ಅವನು ಕಂಬಳಿ ಸರಿಮಾಡಿಕೊಂಡ. ಅದರ ತುದಿ ನನ್ನ ಕೈಯ ಮೇಲೆ ಬಿತ್ತು.

ಒಳಗೆ ನನ್ನ ಬೆರಳು ಮೂರು ಹಿಡಿಯಿತು, ಮೂರು ದಿನ ಬಿಡು ಅಂತ. ಅವನು ಎರಡು ಮಡಿಚಿ ಒಂದನ್ನೇ ಹಿಡಿದ. ಮೇಲೆ ಬಾಯಿ ಹಿಂಗಾರಿ ಮಳೆಯ ಮಾತಾಡುತ್ತಿತ್ತು. ಒಂದು ದಿನಕ್ಕೆ ಒಪ್ಪಿದೆ. ಆದರೆ ಆ ಒಂದು ದಿನ ಮರಿ ಯಾರು ಕಾಯಬೇಕು? ಅವನು ತನ್ನ ಹೆಬ್ಬೆರಳನ್ನು ನನ್ನ ಅಂಗೈ ನಡುವೆ ಒತ್ತಿದ. ನೀನು, ಅಂತ. ಸಮಿತಿಯ ಮೆಂಬರ್, ಸಂತೆಯ ಹಿರಿಯ, ಬಿಳಿ ಅಂಗಿಯ ಮನುಷ್ಯ ನಾನು. ಆದರೂ ಒಪ್ಪಿ ಅಂಗೈ ಮುಚ್ಚಿದೆ.

ಆಗ ಅವನು ಬಾಯಿಬಿಟ್ಟೇ ಕೇಳಿದ. "ಇದರಾಗ ಆಕಿಗೆ ಏನ ಬರ್ತೈತಿ?"

ಇಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. ಮಾಲು ಕಣ್ಣಿನಿಂದ ನೋಡದೆ ದರ ಹೇಳಿದೆ. "ಮಾರ್ಕ್ಸ್ ಬರ್ತಾವ. ಹೊರದೇಶದ ಮಕ್ಕಳ ಸಾಲಿನ್ಯಾಗ ಆಕಿದು ಎಷ್ಟ ಅಂತ ಕಾಗದದ ಮ್ಯಾಲೆ ಬರ್ತೈತಿ. ತಂದು ನಿನ್ನ ಕೈಯಾಗ ಕೊಡ್ತೇನಿ," ಅಂದೆ.

ಅವನು ಮಗಳ ಕಡೆ ತಿರುಗಿದ. ಹುಡುಗಿ ಮರಿಯನ್ನು ಕೆಳಗಿಟ್ಟಳು.

"ಸಂಕ್ರಮಣಕ್ಕ ಅದನ್ನ ತರ್ರಿ," ಅಂದ. "ಬಂತಂದ್ರ ಆಕಿ ಅಜ್ಜಿ ಮನ್ಯಾಗಿದ್ದು ಹತ್ತನೇತ್ತ ಮುಗಸ್ತಾಳ. ಬರ್ಲಿಲ್ಲಂದ್ರ ಹಿಂಡಿನ ಹಿಂದ ಬರ್ತಾಳ. ಅಲ್ಲಿತನಾ ಸಾಲಿಗಿ ಹೋಗಲಿ, ಪರೀಕ್ಷಿ ದಿನ ಮರಿ ನೀವ ಕಾಯ್ರಿ, ಉಳಿದ ದಿನ ನಾ ಹೆಂಗರ ನೋಡ್ಕೋತೇನಿ."

ಕಂಬಳಿಯೊಳಗೆ ಕೈ ಇನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಆ ಮಾತೂ ಕರಾರಿಗೆ ಸೇರಿತು.

ಹೀಗೆ ನಾನು ಆ ಬೇವಿನ ಮರದ ಕೆಳಗೆ ಬಂದದ್ದು. ಹುಡುಗಿಯ ಅಪ್ಪ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಹೋಗಿದ್ದ. ಮರಿ ಕಾಯುವುದೆಂದರೆ ಏನೂ ಮಾಡದೆ ಕೂರುವುದು ಅಂತ ನಾನು ತಿಳಿದಿದ್ದೆ. ಮರಿ ಚದುರದಂತೆ ಸುತ್ತ ಕಟ್ಟಿದ ಬಲೆಯೊಳಗೆ ಹದಿನಾಲ್ಕು ಮರಿ ಹದಿನಾಲ್ಕು ಕಡೆ ನೋಡುತ್ತವೆ. ಒಂದು ಕಪ್ಪು ಮೂತಿ, ಒಂದು ಬಿಳಿ ಕಿವಿ ಅಂತ ಗುರುತು ಇಟ್ಟುಕೊಳ್ಳುತ್ತ ಹೋದರೆ ಅರ್ಧ ಗಂಟೆಗೆ ಎಲ್ಲಕ್ಕೂ ಕಪ್ಪು ಮೂತಿ, ಎಲ್ಲಕ್ಕೂ ಬಿಳಿ ಕಿವಿ. ಗಾಳಿ ಬೀಸಿದಾಗ ಬೇವಿನ ನೆರಳು ಅವುಗಳ ಮೈಮೇಲೆ ಅಕ್ಷರ ಬರೆದು ಅಳಿಸುತ್ತಿತ್ತು. ಹೆಡ್‌ಮಾಸ್ತರರು ಮುದ್ರಿಸಿ ಕೊಟ್ಟ ದೇಶಗಳ ಪಟ್ಟಿ ನನ್ನ ಜೇಬಿನಲ್ಲಿತ್ತು. ತೆಗೆದು ಓದುತ್ತ ಓದುತ್ತ, ಬಲೆಯೊಳಗಿನ ಪ್ರತಿ ಮರಿಗೂ ಒಂದೊಂದು ದೇಶದ ಹೆಸರು ಇಟ್ಟೆ. ಮೇಲಿನ ಸಾಲಿನ ದೇಶ ತೂಕಡಿಸುತ್ತಿತ್ತು. ಕೆಳಗಿನ ಸಾಲಿನ ದೇಶ ಬಲೆ ಹಾರಿ ಹೊರಗೆ ಬಂದು ನನ್ನ ಬೆರಳು ಚೀಪಿತು. ಬಿಸಿಲು, ಗುಡ್ಡ, ಆ ಬೆಚ್ಚನೆಯ ನಾಲಿಗೆ. ನಾನು ಆ ಹೊಲದಲ್ಲಿ ಇದ್ದೇನೋ, ಪಟ್ಟಿಯ ಯಾವುದೋ ದೇಶದಲ್ಲಿ ಇದ್ದೇನೋ ಅನ್ನುವುದು ಮರೆತು ಹೋಗುವಷ್ಟು ಮಧ್ಯಾಹ್ನ ಉದ್ದವಾಗಿತ್ತು.

ಸಂಜೆ ದೊಡ್ಡ ಕುರಿಗಳು ಬಂದವು. ಮರಿಗಳನ್ನು ತಾಯಂದಿರಿಗೆ ಬಿಡಬೇಕು. ನಾನು ಒಂದೊಂದೇ ಎತ್ತಿ ಹಿಡಿದೆ, ಕುರಿಗಳು ಒದ್ದವು. ಬೇರೆಯದರ ಮರಿಯನ್ನು ಅವು ಮೂಸಿ ತಳ್ಳುತ್ತವೆ. ಅಷ್ಟರಲ್ಲಿ ಬಸ್ಸಿಳಿದು ಹುಡುಗಿ ಬಂದಳು, ಯೂನಿಫಾರ್ಮಿನಲ್ಲೇ. ಚೀಲ ಮರಕ್ಕೆ ತೂಗುಹಾಕಿ, ನನ್ನ ಕೈಯೊಳಗಿನ ಮರಿ ಕಸಿದುಕೊಂಡು, ಅತ್ತದ್ದು ಇತ್ತ, ಇತ್ತದ್ದು ಅತ್ತ ಮಾಡಿದಳು. ಒಂದು ನಿಮಿಷದಲ್ಲಿ ಹೊಲ ಸುಮ್ಮನಾಯಿತು. ಹಾಲು ಕುಡಿಯುವ ಸಪ್ಪಳವಷ್ಟೇ.

"ಐದು ತಪ್ಪ ಮಾಡೀರಿ, ಕಾಕಾ," ಅಂದಳು.

ಪರೀಕ್ಷೆ ಹೇಗಾಯಿತು ಅಂತ ಕೇಳಿದೆ. ಎರಡು ಅಂಗಡಿಯ ಜಾಹೀರಾತು ಕೊಟ್ಟು ಯಾವುದರಲ್ಲಿ ಮೋಸವಿದೆ ಅಂತ ಕೇಳಿದ್ದರಂತೆ. ಉತ್ತರ ಬರೆದರೆ ಸಾಲದು, ಹೇಗೆ ಗೊತ್ತಾಯಿತು ಅಂತಲೂ ಬರೆಯಬೇಕಂತೆ. "ನಂಗ ಹೆಂಗ ಗೊತ್ತಾತು ಅಂತ ಇಲ್ಲೀತನಾ ಯಾರೂ ಕೇಳಿದ್ದಿಲ್ಲ ಕಾಕಾ. ನಾಕ ಸಾಲು ಜಾಗಾ ಬಿಟ್ಟಿದ್ರು. ನಾ ಎಂಟು ಬರದೆ." ಆಮೇಲೆ ತಗ್ಗಿದ ದನಿಯಲ್ಲಿ, ಮಾರ್ಕ್ಸ್ ಯಾವಾಗ ಬರುತ್ತದೆ ಅಂದಳು. ಸಂಕ್ರಮಣಕ್ಕೆ ಅಂದೆ. ಅವಳ ಅಪ್ಪ ಕೇಳಿಸಿಕೊಂಡ.

ಕಾರ್ತಿಕ ಕಳೆಯಿತು. ಹುಡುಗಿ ದಿನಾ ಶಾಲೆಗೆ ಬರುತ್ತಿದ್ದಳು. ನಾನು ವಾರಕ್ಕೊಮ್ಮೆ ಹೆಡ್‌ಮಾಸ್ತರರನ್ನು ಕೇಳುತ್ತಿದ್ದೆ, ಅವರು ಕಂಪ್ಯೂಟರು ನೋಡಿ ತಲೆಯಾಡಿಸುತ್ತಿದ್ದರು. ಕಡೆಗೆ ನಾನೇ ಬಾಗಲಕೋಟೆಯ ನವನಗರದ ಕಚೇರಿಗೆ ಹೋದೆ. ಅದೇ ಮೇಡಂ. ಕಚೇರಿಗೆ ಹೋಗುವವರಿಗೆ ನಾನು ಹೇಳುವುದು, ಬೆಳಿಗ್ಗೆ ಹೋಗಬೇಡಿ, ಊಟವಾದ ಮೇಲೆ ಹೋಗಿ, ಆಗ ಯಾರಿಗೂ ಇಲ್ಲ ಅನ್ನುವ ಮನಸ್ಸಿರುವುದಿಲ್ಲ. ಆದರೆ ಮೇಡಂ ಇಲ್ಲವೆಂದರು, ಅದೂ ಬಹಳ ಮೆತ್ತಗೆ. ಈ ಪರೀಕ್ಷೆಯಲ್ಲಿ ಒಬ್ಬೊಬ್ಬ ಮಗುವಿಗೆ ಅಂಕ ಬರುವುದೇ ಇಲ್ಲವಂತೆ. ಒಬ್ಬರಿಗೆ ಕೊಟ್ಟ ಪ್ರಶ್ನೆ ಇನ್ನೊಬ್ಬರಿಗೆ ಕೊಟ್ಟಿರುವುದಿಲ್ಲ, ಎಲ್ಲರ ಉತ್ತರ ಕೂಡಿಸಿದಾಗಲೇ ಒಂದು ದೇಶದ ಚಿತ್ರ ಮೂಡುತ್ತದೆ. ನಮ್ಮದಂತೂ ಬರೀ ಪ್ರಯೋಗ. ಪ್ರಶ್ನೆಗಳನ್ನು ಅಳೆದದ್ದೇ ಹೊರತು ಮಕ್ಕಳನ್ನಲ್ಲ.

ನಾನು ಕುರ್ಚಿಯ ಅಂಚಿಗೆ ಸರಿದೆ. ಅರ್ಧ ಅಂಕವಾದರೂ, ಒಂದು ಗೆರೆಯಾದರೂ, ಒಂದು ಚುಕ್ಕೆಯಾದರೂ ಅಂತ ಕೇಳಿದೆ. ಮೇಡಂ ನನಗಾಗಿ ಸರಕಾರದ ಪುಟವನ್ನು ಮತ್ತೆ ತೆಗೆದು, ಪಟ್ಟಿಗಳನ್ನು, ಬಿಡುಗಡೆಯಾದ ಹಳೆಯ ಪ್ರಶ್ನೆಗಳನ್ನು ಮುದ್ರಿಸಿ ಕೊಟ್ಟರು. ಬೆಚ್ಚಗಿನ ಕಾಗದದ ಕಟ್ಟು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಅಷ್ಟು ದೇಶ, ಅಷ್ಟು ಅಂಕಿ, ಎಲ್ಲಿಯೂ ಅವಳಿಲ್ಲ. ಕಿಟಕಿಯಾಚೆ ಹೊಲಗಳು ಒಂದರ ಮೇಲೊಂದು ಗೆರೆ ಎಳೆಯುತ್ತ ಹಿಂದೆ ಹೋಗುತ್ತಿದ್ದವು.

ಅಮೀನಗಡದಲ್ಲಿ ಇಳಿಯಲಿಲ್ಲ. ಹುನಗುಂದದ ತನಕ ಹೋದೆ. ನಿಜ ಹೇಳಬೇಕೆಂದರೆ, ಅಲ್ಲಿ ಗುರುತಿನ ಒಂದು ಝರಾಕ್ಸ್ ಅಂಗಡಿ ಇದೆ. ಅದನ್ನು ನಡೆಸುವ ಅಕ್ಕ ಮದುವೆ ಕಾರ್ಡು, ಅರ್ಜಿ, ಸನ್ಮಾನ ಪತ್ರ ಎಲ್ಲ ಚಂದಾಗಿ ಮಾಡಿಕೊಡುತ್ತಾಳೆ. ಬಣ್ಣದ ಅಂಚು, ಭೂಗೋಳದ ಚಿತ್ರ, ನಡುವೆ ಹುಡುಗಿಯ ಹೆಸರಿರುವ ಒಂದು ಅಂಕಪಟ್ಟಿ, ಅಷ್ಟೇ. ಅಪ್ಪನಿಗೆ ಓದಲು ಬರುವುದಿಲ್ಲ. ಒಂದು ಹುಡುಗಿಯ ಹತ್ತನೇ ತರಗತಿ ಉಳಿಯುತ್ತದೆ. ಇದರಲ್ಲಿ ನಷ್ಟ ಯಾರಿಗೆ? ನಾನು ಹೇಳುತ್ತ ಹೋದೆ, ಆ ಅಕ್ಕ ಕೂರಿಸುತ್ತ ಹೋದಳು. ಕಡೆಗೆ ಬೆರಳು ಎತ್ತಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಮಾರ್ಕ್ಸ್ ಎಷ್ಟ ಹಾಕ್ಲಿರಿ ಅಣ್ಣಾರ?"

ನಾಲ್ಕು ಕುರಿಯ ಬೆನ್ನು ಮುಟ್ಟಿ ಕಣ್ಣು ಮಿಟುಕಿಸುವುದರೊಳಗೆ ಇಡೀ ಹಿಂಡಿಗೆ ದರ ಕಟ್ಟುವವನು ನಾನು. ತೊಂಬತ್ತು ಅನ್ನಲೇ? ನಾಲ್ಕು ಸಾಲಿನ ಜಾಗದಲ್ಲಿ ಎಂಟು ಸಾಲು ಬರೆದವಳಿಗೆ ಯಾಕೆ ತೊಂಬತ್ತು? ನೂರು ಅಂದರೆ ಅವಳೇ ನಗುತ್ತಾಳೆ. ಎಪ್ಪತ್ತು ಅಂದರೆ, ಅವಳಲ್ಲಿಲ್ಲದ ಮೂವತ್ತು ಯಾವುದು, ಕಿತ್ತುಕೊಳ್ಳಲು ನಾನು ಯಾರು? ಪರದೆಯ ಮೇಲೆ ಅಂಕದ ಜಾಗದಲ್ಲಿ ಸಣ್ಣ ಗೆರೆಯೊಂದು ಮಿಣುಕುತ್ತ ನಿಂತಿತ್ತು, ಕಾಯುತ್ತ. ನಾನು ನೋಡುತ್ತ ನಿಂತೆ. ಹಿಂದೆ ಆಧಾರ್ ಕಾರ್ಡ್ ಹಿಡಿದು ನಿಂತವರು ಸರಿದುಕೊಳ್ಳಿ ಅಂದರು. ಬೇಡ ಬಿಡವಾ ಅಂದು ಹೊರಗೆ ಬಂದೆ.

ಸಂಕ್ರಮಣದ ಹೊತ್ತಿಗೆ ಹಿಂಡು ಮರೋಳದ ಕಡೆ ಬಂದಿತ್ತು. ನೀರಾವರಿ ಹೊಲಗಳು, ಕಣ್ಣಿಗೆ ತಂಪು. ಹಬ್ಬವೆಂದು ಹುಡುಗಿಯೂ ಅಜ್ಜಿ ಮಾಡಿಕೊಟ್ಟ ಸಜ್ಜೆ ರೊಟ್ಟಿ, ಸಿಹಿ ಮಾದಲಿಯ ಗಂಟು ಹೊತ್ತು ಬಂದಿದ್ದಳು. ನನ್ನ ಕೈಯಲ್ಲಿ ಕಾಗದದ ಕಟ್ಟು ಕಂಡು ಎದ್ದು ನಿಂತಳು. ಅವಳ ಮುಖ ನೋಡದೆ ಹೇಳಿಬಿಟ್ಟೆ: ಅಂಕ ಬರುವುದಿಲ್ಲ. ಈಗಲ್ಲ, ಮುಂದೆಯೂ ಇಲ್ಲ. ಎಲ್ಲರನ್ನೂ ಕೂಡಿಸಿ ದೇಶಕ್ಕೆ ಹೇಳುತ್ತಾರೆ, ಒಬ್ಬಾಕೆಗೆ ಹೇಳುವುದಿಲ್ಲ. ತಿಳಿಯದೆ ಮಾತು ಕೊಟ್ಟೆ, ತಪ್ಪು ನನ್ನದು. ಝರಾಕ್ಸ್ ಅಂಗಡಿಯ ಮಾತನ್ನೂ ಬಿಡಲಿಲ್ಲ.

ಹುಡುಗಿ ಕೂತಳು. ಗಂಟು ಬಿಚ್ಚಲಿಲ್ಲ.

ಅಪ್ಪ ಕಟ್ಟನ್ನು ಇಸಿದುಕೊಂಡು ಒಂದೊಂದೇ ಹಾಳೆ ತಿರುವಿದ, ಓದುವವನ ಹಾಗೆ. ಗೆರೆಗಳ ಮೇಲೆ ಬೆರಳು ಆಡಿಸಿದ. ಇವು ಏನು ಅಂದ. ದೇಶಗಳು ಅಂದೆ. ಒಳಗೆ ಮಕ್ಕಳಿದ್ದಾರೆಯೇ ಅಂದ. ಇದ್ದಾರೆ ಅಂದೆ.

"ಲಾರಿ ತುಂಬ ಕುರಿ ಏರಿಸಿ ಕಾಟಾದ ಮ್ಯಾಲೆ ನಿಲ್ಲಿಸಿದ್ರ ಲಾರಿ ತೂಕ ಹೇಳ್ತಾರ, ಸಾವ್ಕಾರ್ರ. ಒಂದ ಕುರಿದು ಹೇಳೂದಿಲ್ಲ. ಅದು ಕಾಟಾದವನ ಕೆಲಸ ಅಲ್ಲ," ಅಂದ. ಕಟ್ಟನ್ನು ನನಗೆ ತಿರುಗಿ ಕೊಟ್ಟು, "ನನ್ನ ಕೆಲಸ," ಅಂದ.

ಕಂಬಳಿಯ ತುದಿ ನನ್ನ ಕೈಯ ಮೇಲೆ ಬಂತು. ಕೊಟ್ಟ ಮಾತು ತಪ್ಪಿದವನ ಕೈಯನ್ನು ಅವನು ಮತ್ತೆ ಹಿಡಿದ. ಅದೇ ನನಗೆ ನಂಬಲಾಗಲಿಲ್ಲ. ಒಳಗೆ ನನ್ನ ಐದೂ ಬೆರಳನ್ನು ಕೂಡಿಸಿ ಹಿಡಿದ. ಬಿಟ್ಟ. ಮತ್ತೆ ಒಂದನ್ನೇ ಹಿಡಿದ. ಐದು, ಒಂದು. ಆರು. ನನಗೆ ಹೊಳೆಯಲಿಲ್ಲ.

"ಏನಿದು?" ಅಂದೆ.

"ಹತ್ತನೇತ್ತಕ್ಕ ಆರು ಪೇಪರಂತಲ್ರಿ. ಆಗ ಮತ್ತ ಮರಿ ಇರ್ತಾವ, ಕಾಯಾಕ ನೀವ ಬರ್ರಿ."

ಹುಡುಗಿ ತಲೆ ಎತ್ತಿದಳು. ಆರು ಅನ್ನುವುದು ಅವನಿಗೆ ಗೊತ್ತಿತ್ತೆಂದರೆ, ಯಾವಾಗಲೋ ಕೇಳಿ ತಿಳಿದುಕೊಂಡಿದ್ದ. ಅಂಕ ಬರುವ ಮೊದಲೇ, ಬಾರದಿರುವ ಮೊದಲೇ. ಅಭ್ಯಾಸಬಲದಿಂದ ನನ್ನ ಬೆರಳು ಮೂರಕ್ಕೆ ಇಳಿಸಲು ನೋಡಿತು. ಅವನು ಬಿಡಲಿಲ್ಲ. ಕೇಳಿದ ಮೊದಲ ದರಕ್ಕೇ ನಾನು ಒಪ್ಪಿ ಕೈ ಬಿಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಹುಡುಗಿ ಗಂಟು ಬಿಚ್ಚಿ ರೊಟ್ಟಿಯ ಮೇಲೆ ಮಾದಲಿ ಹಾಕಿ ಮೊದಲು ನನಗೇ ಕೊಟ್ಟಳು.

ಅವಳು ಹತ್ತನೇ ಪರೀಕ್ಷೆ ಬರೆದ ಆರು ದಿನ ನಾನು ಮರೋಳದ ಹೊಲದ ಬದುವಿನ ಮೇಲೆ ಬಲೆಯ ಪಕ್ಕ ಕೂತಿದ್ದೆ. ಕಾಗದದ ಕಟ್ಟನ್ನು ಜೊತೆಗೆ ಒಯ್ಯುತ್ತಿದ್ದೆ. ಹಳೆಯ ಪ್ರಶ್ನೆಗಳನ್ನು ಬಿಡಿಸಲು ನೋಡುತ್ತಿದ್ದೆ, ಲೆಕ್ಕ ಬರುತ್ತಿತ್ತು, ಹೇಗೆ ಬಂತು ಅಂತ ಬರೆಯುವುದು ಮಾತ್ರ ಆಗುತ್ತಿರಲಿಲ್ಲ. ಕಾಲುವೆಯ ನೀರಿನ ಸಪ್ಪಳ, ಮರಿಗಳ ಉಸಿರು, ಹಗಲು ಹಾಗೇ ತೇಲಿ ಹೋಗುತ್ತಿತ್ತು. ಮಕ್ಕಳಿರುವವರಿಗೆ ನನ್ನ ಒಂದು ಮಾತು: ಪಟ್ಟಿಯಲ್ಲಿ ನಿಮ್ಮ ಮಗುವನ್ನು ಹುಡುಕುವ ಮೊದಲು ಒಂದು ದಿನ ಅದರ ಕೆಲಸವನ್ನು ನೀವು ಮಾಡಿ ನೋಡಿ.

ಆರನೆಯ ದಿನ ಸಂಜೆ ಅವಳು ಹುನಗುಂದದ ಬಸ್ಸಿಳಿದು ಬಂದಳು. ಅಷ್ಟರಲ್ಲಿ ನಾನೇ ಮರಿಗಳನ್ನು ತಾಯಂದಿರಿಗೆ ಬಿಟ್ಟು ಮುಗಿಸಿದ್ದೆ. ಪೇಪರು ಹೇಗಿತ್ತು ಅಂತ ಕೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿ ನಿಲ್ಲಿಸಿ, ಹಿಂಡಿನೊಳಗೆ ನಡೆದು, ಸಾಲಾಗಿ ನೋಡುತ್ತ ಬಂದಳು. ಒಂದು ಕಡೆ ಬಗ್ಗಿ, ಒಂದು ಮರಿ ಎತ್ತಿ, ಪಕ್ಕದ ಕುರಿಗೆ ಹಚ್ಚಿದಳು.

"ಒಂದ ತಪ್ಪೈತಿ, ಕಾಕಾ," ಅಂದಳು.